ಹೊಲಿಗೆ ಹೊರಗಿದ್ದ ಅಂಗಿ

ಅಮ್ಮ,

‘ಹೇಗಿದ್ದೀಯ’ ಎಂದು ಬರೆದು ಹೊಡೆದುಹಾಕಿದೆ. ಆ ಮಾತನ್ನು ನೀನಿದ್ದಾಗ ಕೇಳಬೇಕಿತ್ತು. ಈಗ ಮಧ್ಯಾಹ್ನ. ಇಂಚರ ಮಲಗಿದ್ದಾಳೆ, ಇನ್ನು ಮುಕ್ಕಾಲು ಗಂಟೆ ಏಳುವುದಿಲ್ಲ. ಮಗು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಮಲಗುತ್ತೇನೆ, ಕಣ್ಣು ಮುಚ್ಚುತ್ತೇನೆ, ನಿದ್ದೆ ಮಾತ್ರ ಬರುವುದಿಲ್ಲ. ಅದಕ್ಕೇ ಊಟದ ಮೇಜಿನ ಮೇಲೆ ಅಳತೆ ಗೀಚಿಕೊಳ್ಳುವ ಖಾಕಿ ಕಾಗದ ಹರಡಿಕೊಂಡು ಅದರ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಹೌದಮ್ಮ, ಬಟ್ಟೆ ಕತ್ತರಿಸುವ ಮುಂಚೆ ನೀನು ಗೆರೆ ಎಳೆಯುತ್ತಿದ್ದೆಯಲ್ಲ, ಅದೇ ಕಾಗದ. ನಾನು ಹೊಲಿಯುವುದನ್ನು ಕಲಿತೆ. ನಗಬೇಡ. ನಕ್ಕರೂ ಪೂರ್ತಿ ಓದಿ ನಗು. ಮಗುವಿನ ಅಂಗಿಗಳ ವಿಷಯದಲ್ಲಿ ನಾನು ಮಾಡಿದ್ದನ್ನು ಮೊದಲಿನಿಂದ ಹೇಳಬೇಕಾಗಿದೆ. ಅದರಲ್ಲಿ ಬಹಳಷ್ಟು ನಿನಗೆ ಆಗಲೇ ಗೊತ್ತಿತ್ತು ಎಂಬುದು ನನಗೆ ಗೊತ್ತಾಗಿದ್ದು ಈಚೆಗೆ.

ಜೋಗುಪಾಳ್ಯದ ಮನೆಯ ಕಿಟಕಿ ನೆನಪಾಗುತ್ತದೆ. ಅದರ ಕೆಳಗೆ ನಿನ್ನ ಮಷೀನು. ಬೀದಿಯಲ್ಲಿ ಹೋಗುವವರೆಲ್ಲ ಆ ಕಿಟಕಿಯಿಂದಲೇ ಮಾತಾಡುತ್ತಿದ್ದರು. ‘ಅಕ್ಕಾ, ಫಾಲ್ಸ್ ಆಯ್ತಾ?’ ‘ಅಕ್ಕಾ, ಕೈ ಸ್ವಲ್ಪ ಟೈಟು.’ ನೀನು ತಲೆ ಎತ್ತದೆ ಉತ್ತರ ಕೊಡುತ್ತ, ಕನ್ನಡಕವಿಲ್ಲದೆ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದೆ. ಕಾಲೇಜಿನ ಗೆಳತಿಯರು ಬರುತ್ತಾರೆಂದರೆ ನಾನು ಮಷೀನಿನ ಮೇಲೆ ಬೆಡ್‌ಶೀಟ್ ಹೊದಿಸಿ ಕಿಟಕಿ ಹಾಕುತ್ತಿದ್ದೆ. ನೀನು ಅಡುಗೆಮನೆಯಲ್ಲಿ ಕೂತು ಕೈಹೊಲಿಗೆ ಹಾಕುತ್ತಿದ್ದೆ. ಒಂದು ಗುಂಡಿ ಹಾಕುವುದನ್ನೂ ನಾನು ನಿನ್ನಿಂದ ಕಲಿಯಲಿಲ್ಲ. ‘ಬಾ, ತೋರಿಸ್ತೀನಿ’ ಎಂದು ನೀನು ಕರೆದಾಗಲೆಲ್ಲ ನನಗೆ ಪರೀಕ್ಷೆ ಇರುತ್ತಿತ್ತು. ನಿಜವಾಗಿ ಎಷ್ಟು ಸಲ ಇತ್ತು?

ನಾನು ಎಂಟು ತಿಂಗಳ ಬಸುರಿಯಾಗಿದ್ದಾಗ ಆನ್‌ಲೈನಿನಲ್ಲಿ ತರಿಸಿದ್ದ ಮಗುವಿನ ಬಟ್ಟೆಗಳ ಡಬ್ಬವನ್ನು ನಿನಗೆ ತೋರಿಸಿದೆ. ನಿನ್ನ ಮುಖ ಸಣ್ಣಗಾಯಿತು. ‘ಹುಟ್ಟೋಕೆ ಮುಂಚೆ ಏನೂ ತರಬಾರ್ದು ಪುಟ್ಟಿ, ಹೊಲೀಲೂಬಾರ್ದು’ ಎಂದೆ. ನಾನು ನಕ್ಕೆ. ಆದರೆ ನೀನು ಸಿದ್ಧವಾಗಿಯೇ ಇದ್ದೆ. ನಿನ್ನ ಹಳೆಯ ವಾಯಿಲ್ ಸೀರೆಯೊಂದನ್ನು ಒಗೆದು, ಬಿಸಿಲಿಗೆ ಹಾಕಿ, ಮಡಿಸಿ, ಕತ್ತರಿಯ ಪಕ್ಕದಲ್ಲೇ ಇಟ್ಟಿದ್ದೆ. ಕತ್ತರಿ ಮಾತ್ರ ಮುಟ್ಟಿರಲಿಲ್ಲ. ಇಂಚರ ಹುಟ್ಟಿದ ಸಂಜೆ ಆಸ್ಪತ್ರೆಯಿಂದ ಮನೆಗೆ ಹೋದವಳು ಮರುದಿನ ಎಂಟು ಅಂಗಿ ಹೊಲಿದು ತಂದೆ. ಗುಂಡಿ ಇಲ್ಲ, ಮುಂದೆ ಎರಡು ಲಾಡಿ. ಬಾಣಂತನಕ್ಕೆ ನಾನು ಜೋಗುಪಾಳ್ಯಕ್ಕೆ ಬರಲಿಲ್ಲ, ನಿನ್ನನ್ನೇ ಕೆ.ಆರ್. ಪುರದ ನಮ್ಮ ಅಪಾರ್ಟ್‌ಮೆಂಟಿಗೆ ಕರೆಸಿಕೊಂಡೆ. ನಿನ್ನ ಮನೆಯಲ್ಲಿ ಗಾಳಿ ಬೆಳಕು ಕಡಿಮೆ ಎಂದೆ. ನಿಜವಾದ ಕಾರಣ ಬೇರೆ. ನನ್ನ ಆಫೀಸಿನವರು ಆ ಬೀದಿಗೆ ಬಂದು, ಆ ಕಿಟಕಿ ನೋಡಿ... ನಿನಗದು ಗೊತ್ತಾಗಿರಲಿಲ್ಲವೇ?

ನಾಮಕರಣದ ದಿನ ನಮ್ಮ ಹಾಲ್ ತುಂಬಿತ್ತು. ಧಾರವಾಡದಿಂದ ಅತ್ತೆಯವರ ಕಡೆಯವರು, ನನ್ನ ಆಫೀಸಿನ ಎಂಟು ಜನ. ನಿನ್ನ ಬೀದಿಯಿಂದ ಎದುರುಮನೆಯ ಸೆಲ್ವಿ ಅಕ್ಕ ಒಬ್ಬರೇ, ಒಂದು ಬಾಳೆಗೊನೆ ಹೊತ್ತುಕೊಂಡು ಬಂದಿದ್ದರು. ಅಲ್ಲಿಯವರೆಗೆ ಒಂದು ತಿಂಗಳು ಮಗುವಿಗೆ ನೀರೆರೆದು ಬಟ್ಟೆ ತೊಡಿಸಿ ಸುತ್ತಿ ಕೊಡುತ್ತಿದ್ದವಳು ನೀನು. ನಾನು ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ. ತೊಟ್ಟಿಲಿಗೆ ಹಾಕಲು ಸುತ್ತಿದ್ದ ಬಟ್ಟೆ ಬಿಚ್ಚಿದೆವು. ಆಫೀಸಿನ ರಮ್ಯಾ ಕಿಸಕ್ಕನೆ ನಕ್ಕಳು. ‘ಅಯ್ಯೋ, ಪಾಪು ಡ್ರೆಸ್ ಉಲ್ಟಾ ಹಾಕಿದೀಯಲ್ಲೇ! ನಿದ್ದೆಗಣ್ಣಲ್ಲಿ ಹಾಕ್ಬಿಟ್ಯಾ?’ ನೋಡಿದೆ. ಹೌದು, ತೋಳಿನ ಹೊಲಿಗೆ, ಪಕ್ಕೆಯ ಹೊಲಿಗೆ, ಅಂಚಿನ ದಾರ, ಎಲ್ಲ ಹೊರಗಿತ್ತು. ಎರಡು ಫೋನುಗಳು ಫೋಟೊ ತೆಗೆಯುತ್ತಿದ್ದವು. ನೀನು ಪಾನಕದ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ‘ಅದು ಉಲ್ಟಾ ಅಲ್ಲಮ್ಮ, ಮಗುಗೆ...’ ಎಂದು ಶುರು ಮಾಡಿದೆ.

ನಾನು ಮುಗಿಸಲು ಬಿಡಲಿಲ್ಲ. ‘ನಮ್ಮಮ್ಮ ಹೊಲಿದಿದ್ದು. ಈಚೆಗೆ ಅವ್ರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಬೇಡ ಅಂದ್ರೂ ಹೊಲಿಯೋದು ಬಿಡಲ್ಲ’ ಎಂದೆ. ಜೋರಾಗಿಯೇ ಹೇಳಿದೆ, ಹೊರಗೆ ಊಟದ ಎಲೆಯ ಮುಂದೆ ಕೂತಿದ್ದ ಸೆಲ್ವಿ ಅಕ್ಕನಿಗೂ ಕೇಳುವಷ್ಟು. ಎಲ್ಲರೂ ‘ಪಾಪ’ ಎಂದರು. ನೀನು ನನ್ನ ಮುಖ ನೋಡಿದೆ. ಒಂದು ಗಳಿಗೆ, ಅಷ್ಟೇ. ಆಮೇಲೆ ತಟ್ಟೆಯನ್ನು ರಮ್ಯಾಳ ಮುಂದೆ ಹಿಡಿದು, ‘ಹೌದಮ್ಮ, ಮಂಜು ಮಂಜು’ ಎಂದೆ. ನನ್ನ ಸುಳ್ಳಿಗೆ ನೀನೇ ಸಾಕ್ಷಿ ಹೇಳಿದೆ. ಯಾಕಮ್ಮ? ಅಲ್ಲೇ ‘ಸುಳ್ಳು ಹೇಳ್ಬೇಡ’ ಎಂದು ಒಂದು ಬೈದಿದ್ದರೆ...

ಅವತ್ತೇ ಮಗುವನ್ನು ಕೋಣೆಗೆ ಎತ್ತಿಕೊಂಡು ಹೋಗಿ ಅಂಗಿ ತಿರುಗಿಸಿ ಹಾಕಿದೆ. ಹೊಲಿಗೆ ಒಳಗೆ, ಚೆಂದ ಹೊರಗೆ. ಉಳಿದ ಏಳನ್ನೂ ತಿರುಗಿಸಿ, ಮಡಿಸಿ, ಕಪಾಟಿನಲ್ಲಿಟ್ಟೆ. ‘ಇನ್ಮೇಲೆ ಬಟ್ಟೆ ನಾನೇ ಹಾಕ್ತೀನಿ’ ಎಂದೆ. ನೀನು ಎರೆದು, ಒರೆಸಿ, ಟವೆಲ್ಲಿನಲ್ಲಿ ಸುತ್ತಿ ಕೊಡುತ್ತಿದ್ದೆ. ನಾನು ಬಾಗಿಲು ಹಾಕಿಕೊಂಡು ತೊಡಿಸಿ, ಸುತ್ತಿ ಹೊರಗೆ ತರುತ್ತಿದ್ದೆ. ನಾಲ್ಕನೆಯ ದಿನಕ್ಕೆ ಮಗು ಒಂದೇ ಸಮನೆ ಅಳತೊಡಗಿತು. ಹಾಲು ಸಾಲದೋ, ಹೊಟ್ಟೆನೋವೋ, ಕಿವಿಯೋ? ಫೋನಿನಲ್ಲಿ ಹುಡುಕಿದಷ್ಟೂ ದೊಡ್ಡ ದೊಡ್ಡ ಕಾಯಿಲೆಗಳ ಹೆಸರು. ಡಾಕ್ಟರ ಹತ್ತಿರ ಬಟ್ಟೆ ಬಿಚ್ಚಿದಾಗ ಎರಡೂ ಕಂಕುಳಲ್ಲಿ ಕೆಂಪು ಗೆರೆ, ಒಂದು ಕಡೆ ಚರ್ಮ ಸುಲಿದಿತ್ತು. ಕತ್ತಿನ ಸುತ್ತಲೂ ಹಾಗೇ. ‘ಬಟ್ಟೆಯಿಂದ ಆಗಿರೋದು, ಬೇರೇನಿಲ್ಲ. ಮುಲಾಮು ಹಚ್ಚಿ, ಮೆತ್ತಗಿರೋದು ಹಾಕಿ’ ಎಂದರು. ಬಟ್ಟೆಯಿಂದ. ಆ ಒಂದು ಮಾತನ್ನು ಹಿಡಿದುಕೊಂಡು ಮನೆಗೆ ಬಂದೆ.

ನೀನು ಬಾಗಿಲಲ್ಲೇ ನಿಂತು ಕಾಯುತ್ತಿದ್ದೆ. ಹಿಂದೆ, ನಾಮಕರಣಕ್ಕೆ ಬಂದು ಉಳಿದಿದ್ದ ಅತ್ತೆ. ಮಗುವನ್ನು ಮಂಚದ ಮೇಲೆ ಮಲಗಿಸಿ ಅಂಗಿ ಬಿಚ್ಚಿ ಎಸೆದೆ. ‘ನಿನ್ನ ಹರಕು ಸೀರೆ ಇನ್ನೊಂದ್ಸಲ ನನ್ನ ಮಗು ಮೈಗೆ ಮುಟ್ಟಿಸ್ಬೇಡ’ ಎಂದೆ. ನೀನು ಆ ಅಂಗಿಯನ್ನು ನೆಲದಿಂದ ಎತ್ತಿಕೊಂಡೆ. ಅದನ್ನು ನೋಡಿದೆ, ಕಂಕುಳ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದೆ. ಮಗುವಿನ ಕಂಕುಳು ನೋಡಿದೆ. ಅತ್ತೆ ಏನೋ ಹೇಳಲು ಬಾಯಿ ತೆರೆದರು. ನೀನು ಅವರ ಕೈ ಹಿಡಿದುಕೊಂಡಿದ್ದು ನನಗೆ ಈಗ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಆಗ ಅದರ ಅರ್ಥ ಹೊಳೆಯಲಿಲ್ಲ. ‘ಸೋಪು ಸರಿಯಾಗಿ ಹೋಗಿರ್ಲಿಲ್ವೇನೋ ಪುಟ್ಟಿ. ಇನ್ನೊಂದು ನೀರಲ್ಲಿ ಜಾಲಿಸ್ಬೇಕಿತ್ತು. ನನ್ನದೇ ತಪ್ಪು’ ಎಂದೆ. ಎಂಟೂ ಅಂಗಿಗಳನ್ನು ಒಂದು ಕವರಿಗೆ ತುಂಬಿಕೊಂಡು, ಮೂರು ತಿಂಗಳ ಬಾಣಂತನಕ್ಕೆಂದು ಬಂದವಳು ಎರಡು ತುಂಬುವ ಮೊದಲೇ ಹೊರಟುಹೋದೆ. ಕಣ್ಣು ತೋರಿಸಿಕೊಳ್ಳಬೇಕು ಎಂದು ವಿನಯ್‌ಗೆ ನೆಪ ಹೇಳಿದೆ. ನನ್ನ ಗಂಡ ಅದನ್ನು ನಂಬಿ ಕಣ್ಣಾಸ್ಪತ್ರೆಗಳ ವಿಳಾಸ ಹುಡುಕಿಕೊಟ್ಟ. ಆಮೇಲೆ ನೀನು ಮಗುವನ್ನು ನೋಡಲು ಬಂದಾಗಲೆಲ್ಲ ಕೈ ತೊಳೆದುಕೊಂಡು, ‘ಎತ್ಕೊಳ್ಲಾ?’ ಎಂದು ಕೇಳಿ ಎತ್ತಿಕೊಳ್ಳುತ್ತಿದ್ದೆ. ನಿನ್ನ ಮೊಮ್ಮಗಳನ್ನು. ಇಂಚರಳಿಗೆ ಎಂಟು ತಿಂಗಳಾಗಿದ್ದಾಗ, ಒಂದು ಬೆಳಿಗ್ಗೆ ಕಾಫಿ ಕುಡಿದು ಕೂತ ಕಡೆಯೇ ನೀನು... ಅದನ್ನು ಬರೆಯಲು ಇವತ್ತೂ ಆಗುವುದಿಲ್ಲ.

ಇಂದಿರಾನಗರದ ಒಂದು ಹಳೆಯ ಬಂಗಲೆಯ ಮೆಟ್ಟಿಲು ಹತ್ತಿದೆ, ಹೊಲಿಗೆ ಕಲಿಯಲು. ನೀನು ಹೋಗಿ ಆರು ತಿಂಗಳಾಗಿತ್ತು. ನಿದ್ದೆ ಪೂರ್ತಿ ಬಿಟ್ಟುಹೋಗಿತ್ತು. ಮಗು ಉಸಿರಾಡುತ್ತಿದೆಯೇ ಎಂದು ಗಂಟೆಗೊಮ್ಮೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಕೈಗೆ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ವಿನಯ್ ಹೋಗಿ ಹೊಲಿಗೆ ಮತ್ತು ಹೆಣಿಗೆಯ ಶನಿವಾರದ ಕ್ಲಾಸಿಗೆ ನನ್ನ ಹೆಸರು ಬರೆಸಿ ಬಂದ. ‘ನಿನ್ನ ಬ್ಲಡ್‌ನಲ್ಲೇ ಇದೆಯಲ್ಲ’ ಎಂದ. ಕೆಳಗೆ ಕೆಫೆ, ಮೇಲೆ ನಾವು ಒಂಬತ್ತು ಜನ. ಕಲಿಸುವ ಶಾಹಿನಾ ಮೇಡಂ ಶಿವಾಜಿನಗರದವರು, ಮೂರು ತಲೆಮಾರಿನಿಂದ ಅವರ ಮನೆಯಲ್ಲಿ ಹೊಲಿಗೆ. ಮೊದಲ ದಿನ ಎಲ್ಲರನ್ನೂ ಕೇಳಿದರು, ‘ನಿಮ್ಮ ಮನೇಲಿ ಯಾರಾದ್ರೂ ಹೊಲೀತಾರಾ?’ ಒಬ್ಬಳು ಅಜ್ಜಿ ಎಂದಳು, ಒಬ್ಬ ದೊಡ್ಡಮ್ಮ ಎಂದ. ನನ್ನ ಸರದಿ ಬಂತು. ‘ಇಲ್ಲ ಮೇಡಂ, ನಾನೇ ಮೊದಲು’ ಎಂದೆ. ‘ಶಾಬಾಶ್!’ ಎಂದರು ಅವರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತ ಮೇಲೂ ನಿನ್ನ ಮಷೀನಿನ ಮೇಲೆ ಬೆಡ್‌ಶೀಟ್ ಹೊದಿಸಿದೆನಮ್ಮ.

ನನ್ನ ಮೊದಲ ದಿಂಬಿನ ಚೀಲ ನೀನು ನೋಡಬೇಕಿತ್ತು. ನಾಲ್ಕೂ ಕಡೆ ಹೊಲಿದು, ದಿಂಬು ತೂರಿಸಲು ಬಾಯಿಯೇ ಇಲ್ಲ. ‘ಇದಕ್ಕೆ ದಿಂಬು ಹೊರಗಡೆಯಿಂದ ನೋಡಿ ಸಲಾಂ ಹೇಳುತ್ತೆ’ ಎಂದರು ಮೇಡಂ. ನನ್ನ ಪಕ್ಕದ ಮಷೀನಿನಲ್ಲಿ ಕೂರುವ ಗಡ್ಡದ ಹುಡುಗ ತಾನು ಹಾಕಿಕೊಂಡಿದ್ದ ಟೀಶರ್ಟನ್ನೇ ಸೇರಿಸಿ ಹೊಲಿದುಕೊಂಡಿದ್ದ. ಆಮೇಲೆ ಎಲಾಸ್ಟಿಕ್ ಲಂಗ, ಆಮೇಲೆ ಕುರ್ತಾ. ತೋಳು ಕೂರಿಸುವುದರಲ್ಲಿ ಎರಡು ಶನಿವಾರ ಹೋಯಿತು. ತೋಳಿನ ಬಟ್ಟೆ ಯಾವಾಗಲೂ ಕಂಕುಳ ಸುತ್ತಳತೆಗಿಂತ ಸ್ವಲ್ಪ ಹೆಚ್ಚಿರುತ್ತದೆ, ಅದನ್ನು ನೆರಿಗೆ ಬೀಳದಂತೆ ಬೆರಳಲ್ಲೇ ಸವರಿ ಸವರಿ ಒಳಗೆ ಕೂರಿಸಬೇಕು. ನೀನು ಅದನ್ನು ಗ್ಯಾಸಿನ ಮೇಲೆ ಹಾಲಿಟ್ಟುಕೊಂಡು, ಫೋನಿನಲ್ಲಿ ಮಾತಾಡಿಕೊಂಡು ಮಾಡುತ್ತಿದ್ದೆ! ಹೆಣಿಗೆ ಸ್ವಲ್ಪ ಒಲಿಯಿತು. ಮೆಟ್ರೋದಲ್ಲಿ ಕಡ್ಡಿ, ಉಲ್ಲನ್ ತೆಗೆದು ಕೂತರೆ ಕುಣಿಕೆ ಎಣಿಸುವುದರಲ್ಲಿ ಭಯ ಮರೆಯುತ್ತದೆ. ಒಂದು ಕುಣಿಕೆ ಜಾರಿದರೆ ಮೂರು ಸಾಲು ಬಿಚ್ಚುತ್ತೇನೆ. ಬಿಚ್ಚಿದರೆ ಸರಿಹೋಗುವ ತಪ್ಪುಗಳೂ ಇವೆ ಎಂದು ಗೊತ್ತಾಗಿದ್ದೇ ಆಗ.

ನಾನು ಹೊಲಿದ ನೀಲಿ ಕುರ್ತಾ ಹಾಕಿಕೊಂಡು ಆಫೀಸಿಗೆ ಹೋದ ದಿನ ಅದೇ ರಮ್ಯಾ ಓಡಿ ಬಂದಳು. ‘ನೀನೇ ಹೊಲಿದ್ಯಾ? ಸೀರಿಯಸ್ಲಿ? ಎಷ್ಟು ಕ್ಯೂಟ್!’ ಕುರ್ತಾದ ಎಡ ಪಕ್ಕೆ ಎಳೆಯುತ್ತಿತ್ತು, ಕೆಳಗಿನ ಅಂಚು ಒಂದು ಕಡೆ ಇಳಿದಿತ್ತು. ಅದೂ ಅವಳಿಗೆ ಚೆಂದವಾಗಿಯೇ ಕಂಡಿತು. ನೀನು ಹೊಲಿದುಕೊಟ್ಟ ಬಟ್ಟೆ ಹಾಕಿಕೊಂಡು ಕಾಲೇಜಿಗೆ ಹೋಗುವಾಗ ‘ಎಲ್ಲಿ ತಗೊಂಡೆ?’ ಎಂದು ಕೇಳಿದವರಿಗೆ ನಾನು ಕಮರ್ಷಿಯಲ್ ಸ್ಟ್ರೀಟ್ ಎನ್ನುತ್ತಿದ್ದೆ. ಅದರಲ್ಲಿ ಒಂದು ಎಳೆಯೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ನಿನ್ನ ಹೊಟ್ಟೆಪಾಡಿಗೆ ನಾಚಿಕೊಂಡವಳು ನನ್ನ ಹವ್ಯಾಸಕ್ಕೆ ಹೊಗಳಿಸಿಕೊಂಡೆ. ರಮ್ಯಾಳ ಮುಂದೆ ನಿನ್ನ ಹೆಸರು ಗಂಟಲವರೆಗೆ ಬಂತು. ಅಲ್ಲೇ ನಿಂತಿತು.

ಆ ಶನಿವಾರ ಮೇಡಂ ಮೇಜಿನ ಮೇಲೆ ಅಂಗೈ ಅಗಲದ ಬಟ್ಟೆ ಹರಡಿ, ‘ಇವತ್ತು ಜಬ್ಲಾ, ಹುಟ್ಟಿದ ಮಗೂಗೆ. ಚಿಕ್ಕದು ಅಂತ ಸುಲಭ ಅಂದ್ಕೊಬೇಡಿ’ ಎಂದರು. ನಾನು ಎಲ್ಲರಿಗಿಂತ ಮೊದಲು ಮುಗಿಸಿ, ತಿರುಗಿಸಿ, ಚೆಂದದ ಮೈ ಹೊರಗೆ ಮಾಡಿ ಎತ್ತಿ ಹಿಡಿದೆ. ಮೇಡಂ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ತಿರುಗಿಸಿದರು. ‘ಹಿಂಗೆ. ಹೊಲಿಗೆ ಹೊರಗೆ.’

‘ಉಲ್ಟಾ ಆಗಲ್ವಾ ಮೇಡಂ?’ ಎಂದು ಗಡ್ಡದ ಹುಡುಗ ಕೇಳಿದ.

‘ಇದೇ ಸೀದಾ ಬೇಟಾ. ಮಗು ಚರ್ಮ ನೋಡಿದೀಯಾ? ಈ ಅಂಚು ಕಂಕುಳಲ್ಲಿ ಉಜ್ಜಿದ್ರೆ ಸುಲ್ದೋಗುತ್ತೆ. ನೋಡೋರು ನೋಡ್ಲಿ ಬಿಡು ಹೊಲಿಗೆನ, ಅವ್ರಿಗೇನು ಕಷ್ಟ? ಬಟ್ಟೆನೂ ಹೊಸದು ಬೇಡ. ಹಳೇ ಸೀರೆ ಇದ್ರೆ ಅದೇ ಫಸ್ಟ್ ಕ್ಲಾಸು. ನಮ್ಮ ನಾನಿ ಹೊಸ ಬಟ್ಟೇನ ಮಗು ಹತ್ರ ಬಿಡ್ತಾನೇ ಇರ್ಲಿಲ್ಲ.’

ಎಲ್ಲರೂ ಬರೆದುಕೊಂಡರು. ನನ್ನ ಕೈ ಮಷೀನಿನ ಮೇಲೇ ಉಳಿಯಿತು. ‘ಏನಾಯ್ತು, ಹುಷಾರಿಲ್ವಾ?’ ಎಂದರು ಮೇಡಂ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ವಾಪಸು ಬರುವಾಗ ಮೆಟ್ರೋದಲ್ಲಿ ಆ ಜಬ್ಲಾದ ಕಂಕುಳ ಹೊಲಿಗೆಯನ್ನು ನನ್ನ ಮೊಣಕೈ ಮಡಿಕೆಯೊಳಗಿಟ್ಟು, ಕೈ ಬಿಗಿಯಾಗಿ ಮಡಚಿ, ಉಜ್ಜುತ್ತ ಬಂದೆ. ಇಳಿಯುವಷ್ಟರಲ್ಲಿ ಕೆಂಪು ಗೆರೆ ಎದ್ದಿತ್ತು. ಮೂವತ್ತು ವರ್ಷದ ಚರ್ಮಕ್ಕೆ! ತಪ್ಪು ಸೀರೆಯದಲ್ಲ, ಸೋಪಿನದಲ್ಲ, ನಿನ್ನ ಕಣ್ಣಿನದಂತೂ ಅಲ್ಲವೇ ಅಲ್ಲ. ನನ್ನ ಮಗುವಿನ ಚರ್ಮ ಸುಲಿದದ್ದು ನನ್ನ ಕೈ. ಅವಳನ್ನು ಉಳಿಸಿಕೊಳ್ಳಬೇಕೆಂದು ರಾತ್ರಿಯೆಲ್ಲ ಎದ್ದಿರುತ್ತಿದ್ದ ಕೈ.

ಅತ್ತೆ ಊರಿಂದ ಬಂದಿದ್ದರು, ಚಪಾತಿ ಲಟ್ಟಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದೆ. ಅವರು ಲಟ್ಟಣಿಗೆ ನಿಲ್ಲಿಸಲಿಲ್ಲ. ‘ನನಗ ಅವತ್ತ ಗೊತ್ತಿತ್ತವಾ’ ಎಂದರು. ‘ನಮ್ಮ ಕಡೇನೂ ಕೂಸಿನ ಅಂಗಿ ಹಂಗ ಹೊಲೀತಾರ. ನಾ ಹೇಳಾಕ ಬಾಯಿ ತಗದೆ. ನಿಮ್ಮವ್ವ ನನ್ನ ಕೈ ಹಿಡದ್ರು. ಆಮ್ಯಾಲ ಅಡಗಿಮನ್ಯಾಗ ಕರಕೊಂಡು ಹೋಗಿ ಏನಂದ್ರು ಗೊತ್ತೈತೇನು? “ಬೀಗಿತ್ತಿ, ಹೇಳ್ಬೇಡಿ. ಮೊದಲೇ ನಿದ್ದೆ ಇಲ್ದೆ ಒದ್ದಾಡ್ತಿದಾಳೆ. ತನ್ನ ಕೈಯಿಂದ್ಲೇ ಹಿಂಗಾಯ್ತು ಅಂತ ಗೊತ್ತಾದ್ರೆ ಮಗು ಮುಟ್ಟೋಕೇ ಹೆದರ್ತಾಳೆ. ನನ್ ಮೇಲೇ ಇರ್ಲಿ” ಅಂದ್ರು. ಅದಕ ಸುಮ್ಮನಾದೆ.’ ಚಪಾತಿಯನ್ನು ಹೆಂಚಿಗೆ ಹಾಕಿ, ನನ್ನ ಕಡೆ ನೋಡದೆ, ‘ಆದ್ರ ನೀ ಹರಕ ಸೀರಿ ಅಂದದ್ದು ನನಗ ಸೇರಲಿಲ್ಲ ನೋಡು. ಇವತ್ತಿಗೂ ಸೇರಿಲ್ಲ’ ಎಂದರು. ಅವರು ಬೈದದ್ದು ಒಳ್ಳೆಯದೇ ಆಯಿತು. ಸಮಾಧಾನ ಹೇಳಿದ್ದರೆ ನಾನು ಅಲ್ಲಿ ನಿಲ್ಲುತ್ತಿರಲಿಲ್ಲ. ಅಮ್ಮ, ನಿನ್ನ ಮಗಳು ತನ್ನ ಮಗುವಿಗೆ ಹೆದರಬಾರದು ಎಂದು ನೀನು ನಿನ್ನ ಮೊಮ್ಮಗಳನ್ನು ಕೇಳಿ ಎತ್ತಿಕೊಳ್ಳುವ ಹಾಗಾಯಿತಲ್ಲ. ಇಂಥದ್ದಕ್ಕೆ ಏನೆಂದು ಕ್ಷಮೆ ಕೇಳುತ್ತಾರೆ?

ಜೋಗುಪಾಳ್ಯಕ್ಕೆ ಹೋದ ಭಾನುವಾರ ಸೆಲ್ವಿ ಅಕ್ಕ ಬಾಗಿಲಲ್ಲೇ ಕೂತು ಹೂ ಕಟ್ಟುತ್ತಿದ್ದರು. ಯಾಕೆ ಹೋದೆನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ನಿನ್ನ ಮಾತು ಕೇಳಬೇಕಿತ್ತು, ನಿನ್ನ ಬಗ್ಗೆ ಮಾತಾಡುವವರು ಬೇಕಿತ್ತು. ಕಾಫಿ ಕೊಟ್ಟು, ‘ಅಕ್ಕ ಕೊನೆಕೊನೆಗೆ ಸುಮ್ನೆ ಕೂತಿರೋರು ಕಣಮ್ಮಾ’ ಎಂದರು. ‘ಮಷೀನ್ ಸದ್ದೇ ಇರ್ಲಿಲ್ಲ.’ ವಯಸ್ಸಾಯಿತಲ್ಲ ಎಂದೆ. ‘ವಯಸ್ಸೇನು ಮ್ಮಾ, ನಾವೇ ಕೊಡೋದು ಬಿಟ್ವಿ. ನೀನೇ ಹೇಳ್ದೆ ಅಲ್ವಾ ಆವತ್ತು ಫಂಕ್ಷನ್ನಲ್ಲಿ, ಕಣ್ಣು ಕಾಣಲ್ಲ, ಬೇಡ ಅಂದ್ರೂ ಹೊಲೀತಾರೆ ಅಂತ? ನಾನೇ ಬಂದು ಎಲ್ಲಾರ್ಗೂ ಹೇಳ್ದೆ. ಪಾಪ, ಅಕ್ಕಂಗೆ ಯಾಕೆ ತೊಂದ್ರೆ ಕೊಡೋದು ಅಂತ. ಬ್ಲೌಸೆಲ್ಲಾ ಹಲಸೂರಲ್ಲಿ ಕೊಡೋಕೆ ಶುರು ಮಾಡಿದ್ವಿ. ಅಕ್ಕ ಕಿಟಕೀಲಿ ಕೂತು ನೋಡ್ತಾ ಇರೋರು, ನಾವು ಬಟ್ಟೆ ಕವರ್ ಹಿಡ್ಕೊಂಡು ಹೋಗ್ತಾ ಇದ್ರೆ. ಕಣ್ಣು ಹೆಂಗಿದೆ ಅಕ್ಕಾ ಅಂದ್ರೆ ನಗೋರು ಅಷ್ಟೇ.’

ನೀನು ಹೋದ ಮೇಲೆ ಮನೆ ಖಾಲಿ ಮಾಡಿದಾಗ ಗೋಡೆಯ ಮೊಳೆಗಳಲ್ಲಿ ಹೊಲಿಯಲು ಕೊಟ್ಟ ಬಟ್ಟೆಯ ಒಂದು ಕವರೂ ನೇತಾಡುತ್ತಿರಲಿಲ್ಲ. ನಾನು ಅದನ್ನು ನೋಡಿದ್ದೆ. ಸದ್ಯ, ಯಾರ ಬಟ್ಟೆಯೂ ವಾಪಸು ಕೊಡುವ ತಾಪತ್ರಯವಿಲ್ಲ ಎಂದುಕೊಂಡಿದ್ದೆ. ಬೀದಿಯವರು ಕನಿಕರದಿಂದಲೇ ನಿನ್ನ ಕೈಯಿಂದ ಕೆಲಸ ತೆಗೆದುಕೊಂಡಿದ್ದರು. ‘ನನ್ನ ಕಣ್ಣಿಗೇನಾಗಿದೆ, ಕೊಡ್ರೇ ಇಲ್ಲಿ’ ಎನ್ನಲು ನಿನಗೆ ಒಂದು ನಿಮಿಷ ಸಾಕಿತ್ತು. ಆದರೆ ಹಾಗೆಂದರೆ ನಿನ್ನ ಮಗಳು ನಾಲ್ಕು ಜನರ ಮುಂದೆ ಸುಳ್ಳು ಹೇಳಿದಳು ಎಂದಾಗುತ್ತಿತ್ತು. ಅದಕ್ಕೇ ನಕ್ಕೆ, ಅಲ್ಲವಾ?

ಆ ಭಾನುವಾರ ನಾನು ಹೇಳಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಮುಂದಿನ ವಾರ ಹೋದೆ, ಇಂಚರಳನ್ನು ಕರೆದುಕೊಂಡು, ಅವಳ ಹಟದ ನೆಪದಲ್ಲಿ ಬೇಗ ಹೊರಟೆ. ಮೂರನೆಯ ಸಲ ಹಲಸೂರು ಸ್ಟೇಷನ್ನಿನಿಂದಲೇ ತಿರುಗಿದೆ. ಆಮೇಲೆ ಎರಡು ಶನಿವಾರ ಕ್ಲಾಸಿಗೂ ಹೋಗಲಾಗಲಿಲ್ಲ. ಹೋದ ದಿನ ಶಾಹಿನಾ ಮೇಡಂ ಹತ್ತಿರ ಹೋಗಿ, ‘ನಾನು ಮೊದಲ ದಿನ ಸುಳ್ಳು ಹೇಳಿದ್ದೆ. ನಮ್ಮಮ್ಮ ಟೈಲರ್’ ಎಂದೆ. ಅವರು ನನ್ನನ್ನೇ ನೋಡಿ, ‘ಅಯ್ಯೋ, ಅವ್ರನ್ನ ಒಂದಿನ ಕರ್ಕೊಂಡ್ ಬರ್ಬೇಕಿತ್ತಲ್ಲಾ’ ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಅವರಿಗೆ ಅರ್ಥವಾಯಿತು. ಅಲ್ಲಿ ಹೇಳುವುದು ಸುಲಭವಿತ್ತು, ಅವರು ನಿನ್ನನ್ನು ನೋಡಿದವರಲ್ಲ. ಹೇಳಬೇಕಾಗಿದ್ದದ್ದು ನಿನ್ನ ಬೀದಿಯಲ್ಲಿ.

ಮೊನ್ನೆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದೆ. ಕೂರಲಿಲ್ಲ. ‘ಸೆಲ್ವಿ ಅಕ್ಕಾ, ಅಮ್ಮನ ಕಣ್ಣು ಚೆನ್ನಾಗಿತ್ತು. ಆವತ್ತು ನಾನು ಹೇಳಿದ್ದು ಸುಳ್ಳು’ ಎಂದೆ. ಅವರ ಕೈಯಲ್ಲಿದ್ದ ಹೂವಿನ ದಾರ ಅರ್ಧದಲ್ಲೇ ನಿಂತಿತು. ಯಾಕೆ ಎಂದು ಕೇಳಿದರು. ಅಂಗಿಯ ಹೊಲಿಗೆ ಹೊರಗಿತ್ತು, ಎಲ್ಲರೂ ನಕ್ಕರು, ನನಗೆ ನಾಚಿಕೆಯಾಯಿತು ಎಂದೆ.

‘ಅದಕ್ಕಾ?’ ಎಂದರು. ‘ಅದಕ್ಕಾ ಮ್ಮಾ? ನನ್ನ ಎರಡು ಮಕ್ಕಳೂ ಅದೇ ಅಂಗೀಲೇ ಬೆಳೆದಿದ್ದು. ಈ ಬೀದೀಲಿ ಯಾವ ಮಗುಗೆ ಅಕ್ಕ ಹೊಲ್ಕೊಟ್ಟಿಲ್ಲ? ನೀನೂ ಅದ್ರಲ್ಲೇ ಬೆಳೆದಿದ್ದಲ್ವಾ? ಓದಿರೋಳು ನೀನು!’

‘ಹೌದಕ್ಕಾ.’

‘ಏನು ಹೌದು? ನಾನು ನಿನ್ನ ಮಾತು ಕೇಳಿ ಅಕ್ಕನ ಮುಂದೇನೇ ಕವರ್ ಹಿಡ್ಕೊಂಡು ಹೋಗ್ತಾ ಇದ್ದೆ. ಅವ್ರಿಗೆ ಬಾಕಿ ಇದ್ದಿದ್ದೇ ಒಂದು ದೀಪಾವಳಿ. ಅದ್ರಲ್ಲೂ ನಾನು ಹಲಸೂರಲ್ಲಿ ಹೊಲ್ಸಿದ್ದು ಹಾಕ್ಕೊಂಡು ಅವ್ರ ಮನೆಗೆ ಸ್ವೀಟ್ ಕೊಡೋಕೆ ಹೋಗಿದ್ದೆ.’ ನನಗೆ ಇನ್ನೂ ಬೈಯುತ್ತಾರೆ ಎಂದುಕೊಂಡೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು, ಬೀದಿಗಿಳಿದರು. ‘ಏ ಮೇರಿ! ಇಂಗ ವಾ! ಗೌರಮ್ಮಾ, ಬಾಮ್ಮಾ ಇಲ್ಲಿ ಸ್ವಲ್ಪ!’ ಎಂದು ಕೂಗಿದರು. ನಾನು ಬೇಡ ಅಕ್ಕಾ ಎನ್ನಲಿದ್ದೆ. ಅನ್ನಲಿಲ್ಲ. ಎರಡು ಬಾಗಿಲು ತೆರೆದವು, ಮೇಲಿನ ಮಹಡಿಯಿಂದ ಯಾರೋ ಬಗ್ಗಿದರು, ನೀರು ಹಿಡಿಯುತ್ತಿದ್ದವರು ಕೊಡ ಇಟ್ಟು ಬಂದರು. ಸೆಲ್ವಿ ಅಕ್ಕ ನನ್ನ ಮೊಣಕೈ ಹಿಡಿದು ಮುಂದೆ ತಂದು ನಿಲ್ಲಿಸಿದರು. ‘ಹೇಳು. ನಂಗೆ ಹೇಳ್ದಂಗೇ ಹೇಳು. ಜೋರಾಗಿ ಹೇಳು, ಆವತ್ತು ಹೇಳ್ದಲ್ಲಾ, ಹಂಗೆ.’

ಹೇಳಿದೆನಮ್ಮ. ಸ್ವರ ಎರಡು ಸಲ ಒಡೆಯಿತು, ಮತ್ತೆ ಮೊದಲಿನಿಂದ ಹೇಳಿದೆ. ಯಾರೂ ಸಮಾಧಾನ ಮಾಡಲಿಲ್ಲ. ಗೌರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹೆತ್ತೋಳ್ಗೆ ಹಿಂಗ್ ಮಾಡೋದಾ?’ ಎಂದರು. ನಾನು ತಲೆ ತಗ್ಗಿಸಿಕೊಂಡು ಅಲ್ಲೇ ನಿಂತಿದ್ದೆ, ಅವರು ಹೋಗುವವರೆಗೂ ನಿಂತಿದ್ದೆ. ನನ್ನ ಸುಳ್ಳು ಆ ಬೀದಿಗೆ ಹೋದ ದಾರಿಯಲ್ಲೇ ನಿಜವೂ ಹೋಗಲಿ ಎಂದು. ಇವತ್ತು ಸೆಲ್ವಿ ಅಕ್ಕ ಫೋನ್ ಮಾಡಿದ್ದರು. ತರಕಾರಿ ಗಾಡಿಯವನಿಗೂ ಹೇಳಿದ್ದಾರಂತೆ, ಮೂಲೆಯ ಅಂಗಡಿಯಲ್ಲೂ ಅದೇ ಮಾತಂತೆ. ನನ್ನನ್ನು ಏನೇನು ಅಂದರು ಎಂಬುದನ್ನೂ ಮುಚ್ಚಿಡದೆ ಹೇಳಿದರು.

ಅನ್ನಲಿ ಅಮ್ಮ. ನಿನಗೆ ಕೊನೆಯ ಹೊಲಿಗೆಯವರೆಗೂ ಕಣ್ಣು ಚೆನ್ನಾಗಿ ಕಾಣುತ್ತಿತ್ತು ಎಂದು ಜೋಗುಪಾಳ್ಯದಲ್ಲಿ ಈಗ ಎಲ್ಲರಿಗೂ ಗೊತ್ತು.

ನಿನ್ನ
ಪುಟ್ಟಿ